ಡಬ್ಬದ ಕೆಳಗಿನ ಚಕ್ಕೆ

"ಕಳ್ಳ! ಅಂಟಿಗೆ ನೀರು ಬೆರೆಸಿ, ಉಳಿದದ್ದನ್ನ ಮಾರ್ಕೊಂಡಿದ್ದೀಯ!"

ಕಾರ್ಖಾನೆಯ ಯಜಮಾನ ಹಾಜಿ ಮೆತ್ವಲ್ಲಿ ಕಳಚಿದ ಕುರ್ಚಿಕಾಲನ್ನು ಬಿಶಾರಾನ ಮೂಗಿನೆದುರು ಆಡಿಸಿದ.

"ನಾಲಿಗೆ ಬಿಗಿ ಹಿಡಿ, ಹಾಜಿ," ಎಂದ ಬಿಶಾರಾ.

"ಯಾಕೆ ಹಿಡೀಲಿ? ಗಿರಾಕಿಯ ಮದುವೆಮನೇಲಿ ಮದುಮಗಳ ಸೋದರತ್ತೆ ನೆಂಟರೆದುರು ಕುರ್ಚಿ ಸಮೇತ ನೆಲಕ್ಕೆ ಬಿದ್ದಳು! ಉಳಿದ ಕುರ್ಚಿಗಳೂ ಬಿಚ್ಕೊಂಡಿವೆ. ಡಬ್ಬ ಹೊಸದು. ತಾರೀಖು ಮುಗಿಯೋಕೆ ಇನ್ನೂ ವರ್ಷ ಇದೆ. ಅಂಟು ತಾನಾಗೇ ಕೆಡುತ್ತಾ?"

ಬಿಶಾರಾ ಬೆಂಚಿನ ಮೇಲಿನ ಮರದ ಪುಡಿ ಒರೆಸತೊಡಗಿದ. ಅದನ್ನು ನೋಡಿ ನನಗೇ ರೇಗಿತು. ನಾನು ಕೆತ್ತನೆಯವನು; ಅವನು ಜೋಡಿಸುವವನು. ಮೆತ್ವಲ್ಲಿಗೆ ಉಳಿ ಹಿಡಿಯಲು ಕಲಿಸಿದ ಉಸ್ತಾ, ಅಂದರೆ ಗುರುವೂ ಅವನೇ. ನಮ್ಮ ದುಮ್ಯಾತ್ ಊರಿನ ಮರಗೆಲಸದ ಬೀದಿಯಲ್ಲಿ ಕಳ್ಳನೆಂಬ ಹೆಸರು ಬಿದ್ದರೆ ಮುಗಿಯಿತು, ಯಾವ ಕಾರ್ಖಾನೆಯ ಬಾಗಿಲೂ ತೆರೆಯುವುದಿಲ್ಲ.

ಮೂಲೆಯಲ್ಲಿ ಸೋಫಾಕ್ಕೆ ಬಟ್ಟೆ ಹೊಡೆಯುತ್ತಿದ್ದ ಇಹ್ಸಾನ್ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದಳು. ಅವಳು ಮೊಳೆ ಉಗಿದಳೆಂದರೆ ಯಾರಿಗೋ ಗ್ರಹಚಾರ.

"ಕಾಲು ಇಲ್ಲಿ ಕೊಡು, ಹಾಜಿ."

ತುದಿಯನ್ನು ಉಗುರಿನಿಂದ ಕೆರೆದಳು. ಬಿಳಿ ಪುಡಿ ಉದುರಿತು.

"ನೀರಾದ ಅಂಟು ಮರದೊಳಕ್ಕೆ ಇಳಿದುಹೋಗುತ್ತೆ. ಇದು ಸುಣ್ಣದ ಹಾಗೆ ಮೇಲೇ ಕೂತಿದೆ. ಬಿಶಾರಾ, ಶನಿವಾರ ಈ ಕುರ್ಚಿಗಳಿಗೆ ಹಚ್ಚೋವಾಗ ಹೇಗಿತ್ತು?"

"ಗಂಟು ಗಂಟಾಗಿತ್ತು. ಒಡೆದ ಹಾಲಿನ ಹಾಗೆ. ಕಲಸಿದೆ, ಸರಿಹೋಯ್ತು ಅಂದ್ಕೊಂಡೆ. ಅಷ್ಟು ತಪ್ಪು ನಂದೇ."

"ಗುರುವಾರ ಹೇಗಿತ್ತು?"

"ಕೆನೆ ಹಾಗಿತ್ತು."

"ಶುಕ್ರವಾರ ರಜ. ಕೀಲಿ ಯಾರ ಹತ್ರ?"

"ನನ್ನ ಹತ್ರ, ಇವನ ಹತ್ರ," ಎಂದ ಮೆತ್ವಲ್ಲಿ. "ಬೇರೆ ಯಾರ ಹತ್ರಾನೂ ಇಲ್ಲ."

"ಇಲ್ವಾ?" ಇಹ್ಸಾನ್ ಅಂಟಿನ ಡಬ್ಬದ ಮುಂದೆ ಕೂತಳು. "ಇದರ ಕೆಳಗೆ ಮರದ ಚಕ್ಕೆ ಇಟ್ಟೋರು ಯಾರು?"

"ನಾನೇ," ಎಂದೆ. "ಅಲ್ಲಾಡ್ತಿತ್ತು."

"ಹೊಸ ಡಬ್ಬ ಯಾಕಪ್ಪಾ ಅಲ್ಲಾಡ್ಬೇಕು?"

ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಡಬ್ಬ ಎತ್ತಿ ತಿರುಗಿಸಿದಳು. ತಳ ಹೊಟ್ಟೆಯಂತೆ ಉಬ್ಬಿತ್ತು.

"ಬಿಸಿಲಿಗೆ ಉಬ್ಬಿದೆ," ಎಂದ ಮೆತ್ವಲ್ಲಿ.

"ಬಿಸಿಲಿಗೆ ಅಂಟು ಒಣಗುತ್ತೆ, ಗಟ್ಟಿಯಾಗುತ್ತೆ. ತುಂಬಿದ ಡಬ್ಬಾನ ಒಳಗಿಂದ ಒದೆಯೋದು ಮಂಜುಗಡ್ಡೆ. ಬಿಳಿ ಅಂಟು ಒಂದ್ಸಲ ಹೆಪ್ಪುಗಟ್ಟಿ ಕರಗಿದರೆ ಸತ್ತಂಗೆ. ತಾರೀಖು ಇರೋದು ಸರಿಯಾಗಿ ಇಟ್ಟೋರಿಗೆ, ಹಾಜಿ." ಅವಳು ದನಿ ತಗ್ಗಿಸಿದಳು. "ಆಗಸ್ಟ್ ತಿಂಗಳಲ್ಲಿ ಈ ಕಟ್ಟಡದೊಳಗೆ ಹಿಮ ಬೀಳೋ ಜಾಗ ಒಂದೇ. ಮಹಡಿ ಮೇಲೆ, ನಿಮ್ಮ ಮನೆ ಫ್ರೀಜರ್‌ನಲ್ಲಿ, ಮೊಲೊಖಿಯಾ ಸೊಪ್ಪಿನ ಪಕ್ಕ. ಮೂರನೇ ಕೀಲಿ ನೇತಾಡೋದೂ ಆ ಮನೇಲೇ. ಡಬ್ಬ ಒಯ್ದು ಅಲ್ಲಿಟ್ಟಿದ್ದು ನಿಮ್ಮಮ್ಮ."

ಮೆತ್ವಲ್ಲಿಯ ಮುಖ ಕೆಂಪಾಯಿತು. ಅವನು ಬಿಶಾರಾನ ಕಡೆ ತಿರುಗಿದ.

"ನಿನಗೆ ಗೊತ್ತಿತ್ತಾ?"

"ಕುರ್ಚಿ ಬಿಚ್ಚಿಕೊಂಡ ಮೇಲೆ ಗೊತ್ತಾಯ್ತು. ಈ ಸೆಕೆಗೆ ಅಂಟು ಉಳಿಯಲ್ಲ ಅಂತ ಅಮ್ಮನ ಮುಂದೆ ಗೋಳಾಡಿದೋನು ನಾನೇ."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು?"

"ಬಿಟ್ಟಿದ್ದರೆ ನೀನು ನನ್ನ ಮೇಲೆ ಕೂಗಿದ ಹಾಗೆ ಅವರ ಮೇಲೂ ಕೂಗ್ತಿದ್ದೆ. ಆ ಮುದಿ ಎದೆ ತಡೀತಿತ್ತಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ. ಮೆತ್ವಲ್ಲಿಯ ತಾಯಿ, ಮುದುಕಿ ತಫೀದಾ, ಇನ್ನೊಂದು ಹೊಸ ಡಬ್ಬವನ್ನು ಟವಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬಂದಳು. ಟವಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಿಶಾರಾ, ಕಂದಾ, ಇದನ್ನೂ ತಣ್ಣಗೆ ಇಟ್ಟಿದ್ದೆ. ಕೆಟ್ಟಿಲ್ಲ ತಾನೇ?"

ಮೆತ್ವಲ್ಲಿ ಬಾಯಿ ತೆರೆದ. ಬಿಶಾರಾ ಅಡ್ಡ ನಿಂತ.

"ಕೆಡೋದುಂಟಾ ಅಮ್ಮ? ನಿಮ್ಮ ಕೈಯಲ್ಲಿದ್ದರೆ ನೂರು ವರ್ಷ ಬಾಳುತ್ತೆ. ಇನ್ನು ಹೊತ್ತುಕೊಂಡು ಓಡಾಡ್ಬೇಡಿ. ಕೆಳಗೆ ನೆರಳು ಮಾಡಿದ್ದೀವಿ."

ಅವಳು ಡಬ್ಬವನ್ನು ಅವನ ಕೈಗಿಟ್ಟು ನಗುತ್ತ ಮೇಲಕ್ಕೆ ಹೋದಳು.

ಬಿಶಾರಾ ತನ್ನ ಕೀಲಿಯನ್ನು ಬೆಂಚಿನ ಮೇಲಿಟ್ಟ.

"ಉಸ್ತಾ..." ಮೆತ್ವಲ್ಲಿ ಕೀಲಿಯನ್ನು ಅವನ ಕಡೆಗೇ ಸರಿಸಿದ. "ಚಹಾನಾದರೂ ಕುಡಿದು ಹೋಗು."

"ಅಮ್ಮನಿಗೆ ಯಾವತ್ತೂ ಹೇಳ್ಬೇಡ." ಬಿಶಾರಾ ಮುದುಕಿ ತಂದ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡ. "ಇದನ್ನ ಇಲ್ಲಿ ಚೆಲ್ಲಿದರೆ ಅವರ ಕಣ್ಣಿಗೆ ಬೀಳುತ್ತೆ."

ಅವನು ಬೀದಿಗಿಳಿದ. ಮೇಲಿನ ಕಿಟಕಿಯಿಂದ ಮುದುಕಿ ಕೂಗಿದಳು: "ಬಿಸಿಲಲ್ಲಿ ಇಡಬೇಡ, ಬಿಶಾರಾ!"

ಅವನು ತಿರುಗಿ ನೋಡದೆ ಕೈ ಎತ್ತಿದ. ಹಲಗೆ ಹೇರಿದ ಗಾಡಿಗಳ ನಡುವೆ ನಡೆದು ಹೋದ. ಮತ್ತೆ ಬರಲಿಲ್ಲ.