ಎಡ, ಬಲ, ಬೈಗುಳ

ಪಕ್ಕದ ತೋಟದ ತೆಲ್ಮೊ ನಮ್ಮ ಅಂಗಳದಲ್ಲಿ ಟ್ರ್ಯಾಕ್ಟರಿನಿಂದ ಬ್ರಾಂದಿಯ ಪೀಪಾಯಿ ಇಳಿಸುವುದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು. ದೋರು ನದಿಯ ಈ ದಂಡೆಯಲ್ಲಿ ನನ್ನ ಆಸೆ ಏನೆಂದು ಗೊತ್ತಿದ್ದವನು ಅವನೊಬ್ಬನೇ!

ಹುದುಗುವ ದ್ರಾಕ್ಷಿ ರಸಕ್ಕೆ ಬ್ರಾಂದಿ ಸುರಿದರೆ ಹುದುಗುವುದು ಅಲ್ಲಿಗೇ ನಿಂತು ಸಿಹಿ ಉಳಿಯುತ್ತದೆ. ತಾತ, ಅಪ್ಪ ಎಲ್ಲರೂ ಮಾಡಿದ್ದು ಆ ಸಿಹಿ ವೈನನ್ನೇ. ನನಗೆ ಬೇಕಿದ್ದದ್ದು ಸಕ್ಕರೆಯ ಸೋಂಕಿಲ್ಲದ, ನಾಲಿಗೆಗೆ ಒಗರು ಹತ್ತುವ ಕೆಂಪು ವೈನ್. ಈ ಸಲ ಒಂದು ತೊಟ್ಟಿ, ಒಂದೇ ಒಂದು ತೊಟ್ಟಿ, ನನ್ನ ಇಷ್ಟದಂತೆ ಆಗಬೇಕಿತ್ತು.

ಹೋಗಿ ಬೈಯೋಣವೆನ್ನುವಷ್ಟರಲ್ಲಿ ತುಳಿಯಲು ಕರೆ ಬಂತು. ಕಲ್ಲಿನ ತೊಟ್ಟಿಯಲ್ಲಿ ತೊಡೆಮಟ್ಟ ದ್ರಾಕ್ಷಿ. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಸಾಲಾಗಿ ನಿಂತು, ಅಪ್ಪ ಕೂಗಿದಂತೆ ಹೆಜ್ಜೆ ಹಾಕಬೇಕು. ಸಾಲು ಬಿಟ್ಟು ಯಾರೂ ಕದಲುವಂತಿಲ್ಲ. ನನ್ನ ಗ್ರಹಚಾರಕ್ಕೆ ಪಕ್ಕದಲ್ಲಿ ಅವನೇ.

"ಎಡ! ಬಲ!" ಅಪ್ಪ ಕೂಗಿದರು.

"ನಾಚಿಕೆ ಆಗಲ್ವೇನೋ ನಿನಗೆ?" ಎಂದೆ.

"ಎಡಗಾಲು ಎತ್ತು. ಹೆಜ್ಜೆ ತಪ್ತಾ ಇದೀಯ."

"ನನ್ನ ವೈನ್ ಕೊಲ್ಲೋಕೆ ನೀನೇ ವಿಷ ಹೊತ್ಕೊಂಡು ಬಂದ್ಯಲ್ಲ!"

"ನಿಮ್ಮಪ್ಪ ತರೋಕೆ ಹೇಳಿದ್ರು, ತಂದ್ಕೊಟ್ಟೆ."

"ಆಗಲ್ಲ ಅನ್ನೋಕೆ ಬಾಯಿ ಬಿದ್ದುಹೋಗಿತ್ತಾ?"

"ನಿನ್ನ ಬಾಯಿಗೆ ಏನಾಗಿತ್ತು ಬೆನೆದಿತಾ? ವರ್ಷವಿಡೀ ನನ್ನ ಮುಂದೆ ಹಾರಾಡ್ತೀಯ. ಅವರ ಮುಂದೆ ಬೆಕ್ಕಿನ ಮರಿ. ಒಂದ್ಸಲನಾದ್ರೂ ಅವರಿಗೆ ಹೇಳಿದ್ದೀಯಾ?"

ಅವನ ಹಾಳು ಹಸಿರುಗಣ್ಣು ನನ್ನ ಮೇಲಿಂದ ಕದಲಲಿಲ್ಲ. ಅವನು ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಜಗಳ ಆಮೇಲೆ ಆಡ್ರೋ, ದ್ರಾಕ್ಷಿ ಹುಳಿಯಾದೀತು!" ಸಾಲಿನ ಕೊನೆಯಿಂದ ಫೆಲಿಸ್ಮೀನಾ ಅತ್ತೆ ಗದರಿದಳು.

"ಅಪ್ಪಾ!" ನಾನು ಕಿರುಚಿದೆ. "ಈ ತೊಟ್ಟಿಗೆ ಒಂದು ಹನಿ ಬ್ರಾಂದಿ ಬೀಳಕೂಡದು! ಇದು ಒಗರು ವೈನೇ ಆಗ್ಬೇಕು!"

ಸಾಲೆಲ್ಲ ಮುಗ್ಗರಿಸಿತು. ಅಪ್ಪ ಮೀಸೆ ತಿರುವಿದರು.

"ಇಷ್ಟು ದಿನ ಬಾಯಲ್ಲಿ ಆಲಿವ್ ಬೀಜ ಇಟ್ಕೊಂಡಿದ್ಯಾ?" ಎಂದು ಗೊಣಗಿದರು. "ಮಾಡ್ಕೋ. ಯಾರೂ ಕೊಳ್ಳದಿದ್ರೆ ನೀನೇ ಕುಡಿ." ಆಮೇಲೆ, ಸಾಲು ಬಿಡಿಸಲು ನಮ್ಮಲ್ಲಿ ಕೂಗುವ ಆ ಮಾತನ್ನು ಗಂಟಲು ಹರಿಯುವಂತೆ ಕೂಗಿದರು: "ಸ್ವಾತಂತ್ರ್ಯ!"

ಅಕಾರ್ಡಿಯನ್ ವಾದನ ಶುರುವಾಯಿತು. ಎಲ್ಲರೂ ಕೈ ಬಿಡಿಸಿಕೊಂಡು ರಸದಲ್ಲೇ ಕುಣಿಯತೊಡಗಿದರು. ತೆಲ್ಮೊನ ಕೈ ನನ್ನ ಹೆಗಲಿನಿಂದ ಇಳಿಯಲಿಲ್ಲ. ನನ್ನದೂ ಇಳಿಯಲಿಲ್ಲ.

"ಇನ್ನೂ ಸಿಟ್ಟಾ?" ಎಂದ ಮೆಲ್ಲಗೆ.

"ಕೊಂದುಹಾಕೋಷ್ಟು! ಅಪ್ಪನ ಹತ್ರ ನಾನು ಬಾಯಿ ಬಿಡ್ಲಿಲ್ಲ, ಸರಿ. ನನ್ನ ಹತ್ರ ನೀನು ಯಾವತ್ತು ಬಾಯಿ ಬಿಟ್ಟೆ? ದಿನಾ ಬಂದು ನಿಂತು ಪಿಳಿಪಿಳಿ ನೋಡ್ತೀಯ, ಹೋಗ್ತೀಯ. ನನ್ನನ್ನ ಮದುವೆ ಆಗ್ತೀಯೋ ಇಲ್ವೋ, ಬೊಗಳು!"

ಅವನ ಮುಖ ಕಿವಿಯವರೆಗೂ ಕೆಂಪಾಯಿತು.

"ಆಗ್ತೀನಿ ಮಾರಾಯ್ತಿ, ಆಗೇ ಆಗ್ತೀನಿ! ಮೊದಲು ನನ್ನ ಕಾಲ ಮೇಲಿಂದ ಇಳಿ, ಹೆಬ್ಬೆರಳು ಜಜ್ಜಿಹೋಗ್ತಿದೆ!"

ನಾನು ಕೂಡಲೇ ಇಳಿಯಲಿಲ್ಲ.