ಇನ್ನೊಂದೇ ಹೊಲಿಗೆ

"ಗ್ಯಾಸ್ ಬಿಡಿ."

ಅವಳು ಅವನೊಡನೆ ಆಡಿದ ಮೊದಲ ಮಾತು ಇದು.

ಅವಳು ಅರಿವಳಿಕೆಯ ವೈದ್ಯೆ. ಆಸ್ಪತ್ರೆಗೆ ಸೇರಿ ಅಂದಿಗೆ ಒಂದೇ ದಿನ. ಅವನು ಮಕ್ಕಳ ಶಸ್ತ್ರವೈದ್ಯ. ನಡುವೆ ಹಸಿರು ಬಟ್ಟೆಯ ಮರೆ: ಮಗುವಿನ ತಲೆಯ ಕಡೆ ಅವಳು, ಹೊಟ್ಟೆಯ ಕಡೆ ಅವನು. ಕೀಹೋಲ್ ಶಸ್ತ್ರಚಿಕಿತ್ಸೆಯೆಂದರೆ ಹೊಟ್ಟೆಯೊಳಗೆ ಗ್ಯಾಸ್ ತುಂಬಿ ಉಬ್ಬಿಸಿ, ಸಣ್ಣ ತೂತುಗಳಿಂದ ಕ್ಯಾಮೆರಾ, ಕತ್ತರಿ, ಸೂಜಿಗಳನ್ನು ಇಳಿಸುವುದು. ಆ ಒತ್ತಡ ತಾಳದಿದ್ದರೆ ಪುಟ್ಟ ಎದೆಯ ಬಡಿತ ಕುಗ್ಗುತ್ತದೆ. ಅದನ್ನು ಮೊದಲು ಕಾಣುವವಳು ಅವಳೇ.

ಅವನು ಕೂಡಲೇ ಹೊಟ್ಟೆಯ ಗ್ಯಾಸನ್ನು ಹೊರಬಿಟ್ಟ. ಕೆಲಸ ಮುಗಿದ ಮೇಲೆ ತಾನೇ ಚಹಾ ತಂದುಕೊಟ್ಟು, ಇಷ್ಟು ಹದವಾಗಿ ಗದರುವವರು ಈವರೆಗೆ ಸಿಕ್ಕಿರಲಿಲ್ಲವೆಂದ. ಅಂದಿನಿಂದ ಚಹಾ ನಿತ್ಯದ ಮಾತಾಯಿತು. ಮುಖಗವುಸಿನ ಮೇಲೆ ಕಾಣುವ ಕಣ್ಣಷ್ಟರಿಂದಲೇ ಅವನ ನಗುವನ್ನು ಗುರುತಿಸುವಷ್ಟು ಅವಳು ಅವನನ್ನು ಬಲ್ಲವಳಾದಳು.

ಆಮೇಲೆ ಬಂತು ಆ ಮಂಗಳವಾರ. ಮೇಜಿನ ಮೇಲೆ ಎರಡು ವರ್ಷದ ಮಗು. ಗ್ಯಾಸ್ ಬಿಡಲು ಅವಳು ಹೇಳಿದಳು.

"ಇನ್ನೊಂದೇ ಹೊಲಿಗೆ," ಎಂದ ಅವನು.

ಆ ಹೊಲಿಗೆ ಮುಗಿಯುವಷ್ಟರಲ್ಲಿ ಬಡಿತ ಅರ್ಧಕ್ಕಿಳಿದಿತ್ತು. ಅವಳು ದನಿಯೇರಿಸಿದಳು, ಔಷಧಿ ಕೊಟ್ಟು ಬಡಿತವನ್ನು ಮರಳಿ ತಂದಳು. ಮಗು ಉಳಿಯಿತು, ನಗುನಗುತ್ತ ಮನೆಗೂ ಹೋಯಿತು. ಆದರೆ ಮರುದಿನದಿಂದ ಚಹಾ ನಿಂತಿತು. ಅವನ ಶಸ್ತ್ರಚಿಕಿತ್ಸೆಗಳ ಪಟ್ಟಿಯಿಂದ ಅವಳ ಸರದಿಯೂ ತಪ್ಪಿತು.

ಒಂದಲ್ಲ, ಎರಡಲ್ಲ, ಏಳು ತಿಂಗಳು.

ಎಲ್ಲರೆದುರು ಗದರಿದ್ದನ್ನು ಮನಸ್ಸಿಗೆ ಹಚ್ಚಿಕೊಂಡನೇ? ಎದುರಾಡುವ ಹೆಣ್ಣು ಬೇಡವಾದಳೇ?... ಹೋಗಿ ಕೇಳಲು ಅವಳ ಸ್ವಾಭಿಮಾನ ಬಿಡಲಿಲ್ಲ.

ಹೀಗಿರುವಾಗ ನಾಲ್ಕು ವರ್ಷದ ಹುಡುಗಿಯೊಬ್ಬಳು ವಾರ್ಡಿಗೆ ಬಂದಳು. ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಕಣ್ಣು ಹಳದಿ, ಮೇಲಿಂದ ಮೇಲೆ ಹೊಟ್ಟೆನೋವು. ಹುಟ್ಟಿನಿಂದಲೇ ಅವಳ ಪಿತ್ತನಾಳ ಚೀಲದಂತೆ ಊದಿಕೊಂಡಿತ್ತು. ಚೀಲವನ್ನು ಕತ್ತರಿಸಿ ತೆಗೆದು, ಕರುಳನ್ನು ಮೇಲಕ್ಕೆ ತಂದು ಉಳಿದ ನಾಳಕ್ಕೆ ಹೊಲಿಯಬೇಕು. ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರಿಗೂ ದಾರಿ. ಶಸ್ತ್ರವೈದ್ಯ ಅವನೇ. ಅವನೊಂದಿಗೆ ನಿಲ್ಲುತ್ತಿದ್ದ ಅರಿವಳಿಕೆಯ ವೈದ್ಯರು ರಜೆಯಲ್ಲಿದ್ದುದರಿಂದ ಸರದಿ ಅವಳಿಗೆ ಬಂದಿತ್ತು. ಪಟ್ಟಿಯಲ್ಲಿ 'ಹೊಟ್ಟೆ ತೆರೆದು' ಎಂದು ಬರೆದಿದ್ದುದನ್ನು ಕಂಡು ಅವಳು ಬೆರಗಾದಳು. ಕೀಹೋಲಿನಲ್ಲಿ ಅವನಷ್ಟು ಪಳಗಿದ ಕೈ ಅಲ್ಲಿ ಇನ್ನೊಂದಿರಲಿಲ್ಲ.

ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಇದಕ್ಕೆ ಕಾರಣವೇನೆಂದು ಅವಳು ಆಕೆಯನ್ನೇ ಕೇಳಿದಳು.

"ಅವನು ಬಿಟ್ಟಿದ್ದು ನಿನ್ನನ್ನಲ್ಲ ಕಣೆ, ಕ್ಯಾಮೆರಾನ," ಎಂದಳು ದೊಡ್ಡಮ್ಮ. "ಆ ಮಂಗಳವಾರದಿಂದ ಚಿಕ್ಕ ಮಕ್ಕಳಿಗೆ ಅದನ್ನ ಮುಟ್ಟೇ ಇಲ್ಲ. ಇಷ್ಟೆಲ್ಲ ಓದಿದೀರಿ, ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತೀರಿ."

ಅವಳು ನೇರ ಅವನ ಕೋಣೆಗೆ ನಡೆದಳು. ಗುಬ್ಬಿಯ ತಾಯಿ ಆಗಲೇ ಅಲ್ಲಿ ನಿಂತಿದ್ದಳು. ಬಟ್ಟೆ ಹೊಲಿದು ಬದುಕುವವಳು.

"ಅಂಗಿ ಗುಂಡಿಯ ಕಾಜಾದಷ್ಟು ತೂತಲ್ಲೇ ಆಗುತ್ತಂತಲ್ಲ ಡಾಕ್ಟ್ರೇ. ನನ್ನ ಮಗಳಿಗ್ಯಾಕೆ ಇಷ್ಟುದ್ದ ಕತ್ತರಿಸ್ತೀರಿ?"

ಅವನು ಸಂಜೆಯೊಳಗೆ ಹೇಳುತ್ತೇನೆಂದು ಆಕೆಯನ್ನು ಕಳುಹಿಸಿದ. ಬಾಗಿಲು ಮುಚ್ಚಿತು.

"ಅವತ್ತು ನಿಮ್ಮ ಮಾತು ನನಗೆ ಕೇಳಿಸ್ತು," ಎಂದ ಅವನು, ತಲೆಯೆತ್ತದೆ. "ಕೇಳಿಸಿಯೂ ಹೊಲಿಗೆ ಹಾಕಿದೆ. ನಿಮ್ಮ ಮುಖ ನೋಡೋ ಯೋಗ್ಯತೆ ಇರಲಿಲ್ಲ ನನಗೆ."

ಅಯ್ಯೋ... ಇಷ್ಟು ದಿನ ಇವನು ಸುಟ್ಟುಕೊಂಡದ್ದು ತನ್ನನ್ನೇ! ಅವಳು ಎದುರಿನ ಕುರ್ಚಿ ಎಳೆದು ಕೂತಳು.

"ನಾಳೆ ಕೀಹೋಲಿನಲ್ಲೇ ಮಾಡೋಣ. ನಾನು ಗ್ಯಾಸ್ ಬಿಡಿ ಅಂದ್ರೆ?"

"ಬಿಡ್ತೀನಿ. ಸೂಜಿ ಅರ್ಧದಲ್ಲಿದ್ರೂ ಬಿಡ್ತೀನಿ."

ಕೀಹೋಲಿನಲ್ಲಿ ಆಗದಿದ್ದರೆ ಹೊಟ್ಟೆ ತೆರೆಯಬೇಕಾದೀತೆಂದು ಇಬ್ಬರೂ ಕೂಡಿಯೇ ತಾಯಿಗೆ ತಿಳಿಸಿದರು. ಆಕೆ ಒಪ್ಪಿದಳು.

ಮರುದಿನ, ನಾಲ್ಕನೆಯ ಗಂಟೆ. ಚೀಲ ಹೊರಬಂದಿತ್ತು, ಕರುಳನ್ನೂ ನಾಳವನ್ನೂ ಕೂಡಿಸುವ ಹೊಲಿಗೆಗಳು ನಡೆದಿದ್ದವು. ಬಡಿತ ಇಳಿಯತೊಡಗಿತು.

"ಬಿಡಿ."

ಸೂಜಿ ಅರ್ಧದಲ್ಲಿತ್ತು. ಅವನು ಗ್ಯಾಸ್ ಬಿಟ್ಟ. ಉಬ್ಬಿದ್ದ ಹೊಟ್ಟೆ ಕುಸಿದು ಪರದೆಯ ಮೇಲಿನ ಚಿತ್ರ ಮಸುಕಾಯಿತು. ಅವನು ಗಡಿಯಾರ ನೋಡಲಿಲ್ಲ, ಬೇಗವೆನ್ನಲಿಲ್ಲ. ಅವಳ ಕಣ್ಣನ್ನೇ ನೋಡುತ್ತ ನಿಂತ. ಆರು ನಿಮಿಷ ಕಳೆದು ಬಡಿತ ಚೇತರಿಸಿಕೊಂಡಾಗ ಅವಳು ತಲೆಯಾಡಿಸಿದಳು. ಕೈ ಮತ್ತೆ ಕೆಲಸಕ್ಕಿಳಿಯಿತು. ಕೊನೆಯ ಹೊಲಿಗೆ ಬಿದ್ದು, ಪಿತ್ತ ಹೊಸ ದಾರಿ ಹಿಡಿಯಿತು.

ಐದನೆಯ ದಿನ ಗುಬ್ಬಿ ಗಂಜಿ ಕುಡಿದು, ಇನ್ನಷ್ಟು ಬೇಕೆಂದು ಹಟ ಹಿಡಿದಳು. ವಾರ್ಡಿನ ಹೊರಗೆ ಅವನು ವೈದ್ಯೆಯನ್ನು ತಡೆದ.

"ನಮ್ಮಮ್ಮನ ಹತ್ರ ನಿಮ್ಮ ವಿಷಯ ಹೇಳಿದೀನಿ."

"ಅಮ್ಮನ ಹತ್ರ ಹೇಳಿದ್ರಿ. ನನ್ನ ಹತ್ರ?"

ಕೂದಲೆಳೆಯಂಥ ದಾರದಲ್ಲಿ ಗಂಟು ಹಾಕುವ ಆ ಕೈಗಳಿಗೆ ಈಗ ಎಲ್ಲಿರಬೇಕೆಂದೇ ತಿಳಿಯಲಿಲ್ಲ.

"ನನ್ನನ್ನ ಮದುವೆ ಆಗ್ತೀರಾ?"

"ಆಗ್ತೀನಿ," ಎಂದಳು ಅವಳು. ಕಣ್ಣು ತುಂಬಿತ್ತು. "ಆದ್ರೆ ನೋವಾದಾಗ ನನ್ನಿಂದ ಮುಚ್ಚಿಡಬಾರದು."

"ಈಗಲೇ ಹೇಳಲಾ? ಏಳು ತಿಂಗಳಿಂದ ತುಂಬ ನೋವಿದೆ."

"ಗೊತ್ತು," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ನನಗೂ."