ಎರಡು ಗಂಟೆಯ ಪ್ರಾರ್ಥನೆ

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಮಧ್ಯಾಹ್ನ ಎರಡಕ್ಕೆ ಕೆಳಮಹಡಿಯ ಪ್ರಾರ್ಥನಾ ಕೋಣೆಯಲ್ಲಿ ಮಂಡಿಯೂರಿ, ಪೇಪರಿನಲ್ಲಿ ಬಂದ ಯುದ್ಧದ ಊರುಗಳ ಹೆಸರು ಓದಿ ಜಪಸರ ಹೇಳುತ್ತಿದ್ದೆ. ಒಂದು ವರ್ಷದಿಂದ ಮನಸ್ಸು ಮರಗಟ್ಟಿತ್ತು. ಗೋಡೆಗೆ ಹೇಳಿದ ಹಾಗಾಗುತ್ತಿತ್ತು. "ಏನೂ ಅನ್ನಿಸದಿದ್ರೂ ಬಿಡಬೇಡಪ್ಪಾ" ಎಂದಿದ್ದರು ಫಾದರ್. ಆದರೂ ಒಂದು ಸೋಮವಾರದಿಂದ ಹೋಗುವುದನ್ನೇ ಬಿಟ್ಟೆ.

ಗುರುವಾರ ಕಸ ಗುಡಿಸುವ ಅಕ್ಕ ನನ್ನನ್ನು ತಡೆದು ನಿಲ್ಲಿಸಿದರು. "ಪ್ರಾರ್ಥನೆ ಕೋಣೇಲಿ ದಿನಾ ಹೀಗೆ ಅತ್ರೆ ಹೇಗಣ್ಣಾ? ನಿನ್ನೆಯಂತೂ ನಿಮ್ಮ ದನಿ ಕೇಳಿ ನನಗೂ ಅಳು ಬಂತು."

"ಮೂರು ದಿನದಿಂದ ನಾನು ಆ ಕಡೆ ಹೋಗೇ ಇಲ್ಲ ಅಕ್ಕಾ."

ಅವರು ನಂಬಲಿಲ್ಲ.

ಅಂದು ಎರಡು ಗಂಟೆಗೆ ಹೋಗಿ ಬಾಗಿಲ ಹೊರಗೆ ನಿಂತೆ. ಬಾಗಿಲ ಹಿಡಿಕೆ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಒಳಗೆ ನನ್ನದೇ ದನಿ, ನಡುನಡುವೆ ನನ್ನದೇ ಕೆಮ್ಮು. ಆ ದಿನದ ಪೇಪರಿನ ಊರುಗಳನ್ನು ಒಂದೊಂದಾಗಿ ಹೇಳುತ್ತಾ ಬಿಕ್ಕುತ್ತಿತ್ತು. ಕೊನೆಗೆ ನನ್ನ ಹೆಸರನ್ನೂ ಸೇರಿಸಿ, "ಪ್ರಭುವೇ, ಇವನನ್ನೂ ಕೈಬಿಡಬೇಡ" ಎಂದಿತು.

ಬಾಗಿಲು ತೆರೆದೆ. ಯಾರೂ ಇರಲಿಲ್ಲ. ಮಂಡಿಯೂರುವ ಹಲಗೆಯನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು. ನನಗೆ ಹೆದರಿಕೆಯೂ ಆಗಲಿಲ್ಲ. ಎಕ್ಸ್‌ರೇಗೆ ಜನ ಕಾಯುತ್ತಿದ್ದರು, ಮೇಲೆ ಹೋದೆ.